ಜಗಲಿ ಮಾತು, ನೂಲಿನ ಲೆಕ್ಕ



ನಾಲ್ಕು ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಭಾಷಣ ಮಾಡೋಕೆ ನನಗೆ ಬರೋದಿಲ್ಲ. ಮಧ್ಯಾಹ್ನ ಜಗಲಿ ಮೇಲೆ ಕೂತು ಮಾತಾಡೋಕೆ ಬರುತ್ತೆ. ಅದನ್ನೇ ಇಲ್ಲೂ ಮಾಡ್ತೀನಿ. ಕೈಯಲ್ಲಿ ಕ್ರೋಶಾ ಕಡ್ಡಿ ಹಿಡಿದುಕೊಂಡೇ ಬಂದಿದ್ದೀನಿ. ಕೈ ಓಡದಿದ್ದರೆ ನನ್ನ ಬಾಯಿ ಓಡೋದಿಲ್ಲ.

ನನ್ನ ತವರು ಸೊರಬದ ಕಡೆ. ಗಂಡನ ಮನೆ ಶಿಕಾರಿಪುರ. ಎರಡೂ ಕಡೆ ಜಗಲಿ ಇದೆ. ಎರಡೂ ಕಡೆ ನೂಲಿನ ಕೆಲಸ ಇದೆ. ಊಟದ ಪಾತ್ರೆ ತೊಳೆದಿಟ್ಟ ಮೇಲೆ, ಶಾಲೆ ಮಕ್ಕಳು ಮನೆಗೆ ಬರೋದರೊಳಗೆ, ಎರಡು ಗಂಟೆ ಹೊತ್ತು ನಮ್ಮದು. ಆಗ ಐದಾರು ಜನ ಸೇರ್ತೀವಿ. ಒಬ್ಬರು ಬಾಗಿಲಿಗೆ ತೋರಣ ಹಾಕ್ತಾರೆ. ಇನ್ನೊಬ್ಬರು ಆರತಿ ತಟ್ಟೆ ಮುಚ್ಚೋಕೆ ಲೇಸು ಹಾಕ್ತಾರೆ. ಆಚೆ ಬೀದಿಯ ಆಪಾ ನಮಾಜಿನ ಟೋಪಿ ಹಾಕ್ತಾರೆ. ಎದುರು ಮನೆ ಹುಡುಗಿ ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತಾಳೆ. ನಮ್ಮ ಬೀದಿಯ ಅಜ್ಜಿ ಮಾತ್ರ ಯಾವಾಗಲೂ ಕುಲಾವಿ. ನಮ್ಮ ಬೀದಿಯಲ್ಲಿ ಹುಟ್ಟಿದ ಪ್ರತಿ ಮಗುವಿನ ತಲೆ ಮೇಲೂ ಅಜ್ಜಿಯ ಕುಲಾವಿ ಕೂತಿದೆ.

ಅಲ್ಲಿ ಏನು ಮಾತು ಅಂತೀರಾ? ಮೆಕ್ಕೆಜೋಳದ ರೇಟು. ಶುಂಠಿಗೆ ಬಂದ ಕೊಳೆ ರೋಗ. ಯಾರ ಮಗಳು ಬಾಣಂತನಕ್ಕೆ ಬಂದಳು, ಯಾರ ಎಮ್ಮೆ ಕರು ಹಾಕಿತು.

“ನಿನ್ನ ಸೊಸೆ ಬಂದಳೇನೇ?”

“ಬಂದಳು. ಬರುವಾಗ ಬಿಳಿ ನೂಲು ತಗೊಂಡು ಬಾ ಅಂದಿದ್ದೆ. ಬಿಸ್ಕತ್ತು ತಂದಿದ್ದಾಳೆ.”

“ಬಿಸ್ಕತ್ತಲ್ಲೇ ಹೂ ಹಾಕು ಮಾರಾಯ್ತಿ!”

ಹೀಗೇ ನಗು. ಸೊರಬದಿಂದ ನನ್ನ ಚಿಕ್ಕಮ್ಮ ಬಂದರಂತೂ ಜಗಲಿಯಲ್ಲಿ ಜಾಗ ಸಾಲೋದಿಲ್ಲ. 2023ರ ಜೂನ್ ತಿಂಗಳಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲದ ಟಿಕೆಟ್ ಶುರುವಾಯಿತಲ್ಲ, ಆಮೇಲೆ ಚಿಕ್ಕಮ್ಮ ಬರೋದು ಹೆಚ್ಚಾಯಿತು. ಸರ್ಕಾರಿ ಬಸ್ಸು ಸಿಕ್ಕಬೇಕು ಅಷ್ಟೆ. ಶಿರಾಳಕೊಪ್ಪದಲ್ಲಿ ಇಳಿದು ಕಾಯುತ್ತಾ ಕೂತರೂ ಅವರ ಕೈ ಸುಮ್ಮನಿರೋದಿಲ್ಲ. ಒಂದು ಸಲ ಬಸ್ಸಿಗೆ ಕಾಯುವಾಗಲೇ ಗೇಣುದ್ದ ಅಂಚು ಮುಗಿಸಿಕೊಂಡು ಬಂದಿದ್ದರು.

ಈ ಮಾತುಗಳ ನಡುವೆಯೇ ಕೆಲಸವನ್ನೂ ಕಲಿಯೋದು. ನಾನು ಅಜ್ಜಿಯಿಂದ ಕಲಿತೆ. ಅವರಿಗೆ ಅಕ್ಷರ ಬರೋದಿಲ್ಲ. ಆದರೆ ಅವರು ಹೇಳಿಕೊಟ್ಟ ಲೆಕ್ಕ ಕೇಳಿ.

ಮೊದಲು ಆರು ಚೈನು ಹಾಕು. ಅದನ್ನು ಸೇರಿಸಿ ಉಂಗುರ ಮಾಡು. ಉಂಗುರದೊಳಗೆ ಹನ್ನೆರಡು ಕಂಬ ಎತ್ತು. ಕಡ್ಡಿಗೆ ಒಂದು ಸುತ್ತು ನೂಲು ಸುತ್ತಿ ಎತ್ತಿದರೆ ನಮ್ಮ ಜಗಲಿಯಲ್ಲಿ ಅದು ಕಂಬ. ಶುರುವಿನಲ್ಲಿ ಹಾಕುವ ಮೂರು ಚೈನೂ ಒಂದು ಕಂಬದ ಲೆಕ್ಕ. ಎರಡನೇ ಸುತ್ತಿನಲ್ಲಿ ಇಪ್ಪತ್ನಾಲ್ಕು ಕಂಬ. ಮೂರನೇ ಸುತ್ತಿನಲ್ಲಿ ಮೂವತ್ತಾರು. ನಾಲ್ಕನೆಯದರಲ್ಲಿ ನಲವತ್ತೆಂಟು. ಸುತ್ತಿಗೆ ಹನ್ನೆರಡು ಹೆಚ್ಚಿಸುತ್ತಾ ಹೋದರೆ ಲೇಸು ಚಪಾತಿ ಹಾಗೆ ಚಪ್ಪಟೆಯಾಗಿ ಕೂರುತ್ತೆ. ಕಡಿಮೆ ಹೆಚ್ಚಿಸಿದರೆ ಬಟ್ಟಲಿನ ಹಾಗೆ ಮೇಲೇಳುತ್ತೆ. ಜಾಸ್ತಿ ಹೆಚ್ಚಿಸಿದರೆ ಲಂಗದ ನೆರಿಗೆ ಹಾಗೆ ಅಲೆಅಲೆಯಾಗುತ್ತೆ. ಟೋಪಿ, ಕುಲಾವಿ ಬೇಕಾದರೆ ಒಂದು ಹಂತದಲ್ಲಿ ಹೆಚ್ಚಿಸೋದನ್ನೇ ನಿಲ್ಲಿಸಬೇಕು. ಆಗ ತಾನಾಗಿ ಕೆಳಗೆ ಬಾಗುತ್ತೆ.

ಇಲ್ಲಿ ಕಲಿಕೆಗೆ ಬಂದಾಗ ನಮ್ಮ ಮೇಡಂ ಹಲಗೆ ಮೇಲೆ ಹನ್ನೆರಡರ ಮಗ್ಗಿ ಬರೆದರು. 12, 24, 36, 48, 60. ನನಗೆ ನಗು ತಡೆಯೋಕೆ ಆಗಲಿಲ್ಲ. ಇದು ಅಜ್ಜಿಯ ತಟ್ಟೆ ಮುಸುಕು! ಹದಿನೈದು ವರ್ಷದಿಂದ ಕೈಯಲ್ಲಿದ್ದ ಮಗ್ಗಿ ಆ ದಿನ ಕಣ್ಣಿಗೆ ಕಂಡಿತು.

ಈಗ ನನ್ನದೇ ಒಂದು ಪೆಟ್ಟು ಹೇಳ್ತೀನಿ. ಅಕ್ಷರ ಕಲಿಯೋಕೆ ಮೊದಲು ಒಂದು ಅಂಗಡಿಗೆ ಕುಚ್ಚು ಕಟ್ಟಿಕೊಡುತ್ತಿದ್ದೆ. ಯಾವ ಅಂಗಡಿ ಅನ್ನೋದು ಬೇಡ. ಸೀರೆ ತರೋದು, ಕಟ್ಟೋದು, ಕೊಡೋದು. ದುಡ್ಡು ಹಬ್ಬಕ್ಕೆ ಒಟ್ಟಿಗೆ ಕೊಡ್ತೀವಿ ಅಂದಿದ್ದರು. ನಾನು ಲೆಕ್ಕ ಇಟ್ಟಿದ್ದೆ. ಎಲ್ಲಿ? ಅಡಿಗೆಮನೆ ಗೋಡೆ ಮೇಲೆ. ಒಂದು ಸೀರೆಗೆ ಇದ್ದಿಲಿನ ಒಂದು ಗೀರು. ದೀಪಾವಳಿ ಬಂತು. ಮನೆಯವರು ಸುಣ್ಣ ಬಳಿದರು. ಗೋಡೆ ಬೆಳ್ಳಗಾಯಿತು. ನನ್ನ ಲೆಕ್ಕವೂ ಬೆಳ್ಳಗಾಯಿತು.

ಇಪ್ಪತ್ತೇಳು ಸೀರೆ ಅಂತ ನನ್ನ ನೆನಪು. ಹತ್ತೊಂಬತ್ತು ಅಂತ ಅಂಗಡಿಯ ಪುಸ್ತಕ. ಅವರು ಪುಸ್ತಕ ತಿರುಗಿಸಿ ನನ್ನ ಮುಂದೆ ಇಟ್ಟರು, “ನೋಡಮ್ಮ” ಅಂದರು. ನಾನು ಏನು ನೋಡಲಿ? ಹತ್ತೊಂಬತ್ತರ ದುಡ್ಡು ತಗೊಂಡು ಬಂದೆ. ದಾರಿಯಲ್ಲಿ ಅಳಲಿಲ್ಲ. ಜಗಲಿಗೆ ಬಂದ ಮೇಲೆ ಅತ್ತೆ. ಅವರು ಬೇಕಂತ ಮೋಸ ಮಾಡಿದರೋ, ಬರೆಯೋದು ಮರೆತರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳೋಕೆ ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ಇದು ನನ್ನೊಬ್ಬಳ ಕಥೆಯಲ್ಲ. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯಲ್ಲಿ ನರಸಾಪುರ ಅಂತ ಊರಿದೆ. ಅಲ್ಲಿ ಸುತ್ತಲಿನ ಹಳ್ಳಿಗಳ ಹೆಂಗಸರೆಲ್ಲ ನಮ್ಮ ಹಾಗೇ ಕ್ರೋಶಾ ಲೇಸು ಹಾಕೋರು. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಕ್ರೈಸ್ತ ಮಿಷನರಿಗಳು ಕಲಿಸಿದ ಕೆಲಸ ಅದು. ಆ ಲೇಸು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿತ್ತು. ಮರಿಯಾ ಮೀಸ್ ಅನ್ನೋ ಜರ್ಮನಿಯ ಹೆಂಗಸು ಅಲ್ಲಿಗೆ ಬಂದು, ಅವರ ಜೊತೆ ಕೂತು, ಅವರ ದಿನಚರಿ ಬರೆದುಕೊಂಡರು. 1982ರಲ್ಲಿ ಅದು ಪುಸ್ತಕವಾಗಿ ಬಂತು. ಅದರಲ್ಲಿ ಏನಿದೆ ಅಂದರೆ, ಆ ಹೆಂಗಸರು ಮನೆಗೆಲಸ ಮಾಡಿ, ಅದರ ಮೇಲೆ ದಿನಕ್ಕೆ ಆರರಿಂದ ಎಂಟು ಗಂಟೆ ಲೇಸು ಹಾಕುತ್ತಿದ್ದರು. ಆದರೂ ಊರೆಲ್ಲ ಅವರನ್ನು ಏನಂತಿತ್ತು? ಮನೆಯಲ್ಲಿರೋರು. ಬಿಡುವಿನಲ್ಲಿ ಏನೋ ಮಾಡ್ತಾರೆ. ಅವರೂ ತಮ್ಮನ್ನು ಹಾಗೇ ಅಂದುಕೊಂಡಿದ್ದರು. ಬಿಡುವಿನ ಕೆಲಸ ಅಂದ ಮೇಲೆ ಕೂಲಿ ಯಾರು ಕೇಳ್ತಾರೆ? ಒಬ್ಬಳು ಹೂ ಹಾಕೋಳು, ಇನ್ನೊಬ್ಬಳು ಜೋಡಿಸೋಳು. ಪೂರ್ತಿ ಬಟ್ಟೆ ಎಷ್ಟಕ್ಕೆ ಹೋಯಿತು ಅನ್ನೋದು ಹೂ ಹಾಕಿದವಳಿಗೆ ತಿಳಿಯುತ್ತಲೇ ಇರಲಿಲ್ಲ. ಲಾಭ ವ್ಯಾಪಾರಿಗಳ ಕೈ ಸೇರುತ್ತಿತ್ತು.

2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಭೌಗೋಳಿಕ ಗುರುತು, ಅಂದರೆ ಜಿಐ ಅನ್ನೋ ಸರ್ಕಾರದ ಗುರುತು ಸಿಕ್ಕಿತು. ಮೈಸೂರು ಮಲ್ಲಿಗೆಗೆ ಇದೆಯಲ್ಲ, ಅದೇ ಗುರುತು. ಬೇರೆ ಕಡೆಯ ಲೇಸನ್ನು ಆ ಊರಿನ ಹೆಸರಲ್ಲಿ ಮಾರೋ ಹಾಗಿಲ್ಲ. ಒಳ್ಳೆಯದೇ. ಊರಿಗೆ ಹೆಸರು ಬಂತು. ಹಾಕಿದವಳಿಗೆ ಎಷ್ಟು ಬಂತು ಅನ್ನೋದು ಬೇರೆ ಲೆಕ್ಕ. ನಮ್ಮ ಸೊರಬವನ್ನೇ ನೋಡಿ. ಗುಡಿಗಾರರ ಗಂಧದ ಕೆತ್ತನೆ ಎಲ್ಲ ಕಡೆ ಹೆಸರಾಯಿತು. ಅದೇ ಮನೆಗಳ ಹೆಂಗಸರು ಬೆಂಡಿನಲ್ಲಿ ಬಾಸಿಂಗ, ಹಾರ ಮಾಡ್ತಾರೆ. ಅದನ್ನು ಯಾರು ನೆನೆಸ್ತಾರೆ?

ಹಾಗಾಗಿ ಒಂದು ದಿನ ಜಗಲಿಯಲ್ಲಿ ನಾನು ನೋಟ್‌ಬುಕ್ ತೆಗೆದೆ. ಎದುರು ಮನೆ ಹುಡುಗಿಯ ಕುಚ್ಚಿನ ಲೆಕ್ಕ ಬರೆದೆವು. ಒಂದು ಸೀರೆಗೆ ಅವಳಿಗೆ ಸಿಗೋದು 150 ರೂಪಾಯಿ. ನೂಲು ಅವಳದೇ, 30 ರೂಪಾಯಿ. ಉಳಿದದ್ದು 120. ಎಷ್ಟು ಹೊತ್ತು ಹಿಡಿಯಿತು? ಅವಳಿಗೆ ಗೊತ್ತಿಲ್ಲ. ಮಾರನೇ ದಿನ ಗಡಿಯಾರ ನೋಡಿ ಕೂರಿಸಿದೆವು. ಎದ್ದದ್ದು, ಕೂತದ್ದು ಎಲ್ಲ ಬರೆದೆವು. ಆರು ಗಂಟೆ ಆಯಿತು. 120ನ್ನು ಆರರಿಂದ ಭಾಗಿಸಿ. ಗಂಟೆಗೆ 20 ರೂಪಾಯಿ.

ಜಗಲಿ ಒಂದು ಗಳಿಗೆ ಸುಮ್ಮನಾಯಿತು.

ಹುಡುಗಿ ಹೇಳಿದಳು, “ಜಾಸ್ತಿ ಕೇಳಿದರೆ ಬೇರೆಯವರಿಗೆ ಕೊಡ್ತಾರೆ ಅಕ್ಕಾ.”

ಆಪಾ ಹೇಳಿದರು, “ಆ ಬೇರೆಯವರು ಯಾರು? ನಾವೇ ಅಲ್ಲವಾ? ನಾವೆಲ್ಲ ಒಂದೇ ರೇಟು ಹೇಳೋಣ.”

ಮಾತು ಸರಿ. ಮಾಡೋದು ಕಷ್ಟ. ನಾಲ್ಕು ಜನ ಒಪ್ಪಿದೆವು. ಒಬ್ಬರು ಒಪ್ಪಲಿಲ್ಲ. ಅವರ ಮನೆ ಕಷ್ಟ ನಮಗೆ ಗೊತ್ತಿತ್ತು, ನಾವೂ ಒತ್ತಾಯ ಮಾಡಲಿಲ್ಲ. ಹುಡುಗಿ ಹೋಗಿ ಕೇಳಿದಳು. ನೂಲಿನ ದುಡ್ಡು ಬೇರೆ ಕೊಡೋಕೆ ಒಪ್ಪಿದರು. ಕೂಲಿ ಅಷ್ಟೇ ಉಳಿಯಿತು. ಈಗ ಒಂದು ಸೀರೆಗೆ 30 ರೂಪಾಯಿ ಉಳಿಯುತ್ತೆ. ಸೀರೆ ಕೊಟ್ಟ ದಿನ ಅವಳ ಪುಸ್ತಕದಲ್ಲಿ ತಾರೀಖು ಬರೆಸಿ ಸಹಿ ಹಾಕಿಸಿಕೊಂಡು ಬರ್ತಾಳೆ.

ಆದರೆ ಅಜ್ಜಿಗೆ ಕೋಪ ಬಂದಿತ್ತು. “ಎಲ್ಲಾದಕ್ಕೂ ಗಡಿಯಾರ ಇಡ್ತೀರಲ್ಲೇ. ನನ್ನ ಕುಲಾವಿಗೆ ಗಂಟೆಗೆ ಎಷ್ಟು ಅಂತ ಹೇಳು ನೋಡೋಣ” ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಚಿಕ್ಕಮ್ಮ ಹೇಳಿದರು, “ಅತ್ತೇ, ನೀವು ಕೊಡೋದು ಉಡುಗೊರೆ. ಅದಕ್ಕೆ ಲೆಕ್ಕ ಬೇಡ. ಈ ಹುಡುಗಿ ಕೊಡೋದು ದುಡಿಮೆ. ಅದಕ್ಕೆ ಬೇಕು.” ಅಜ್ಜಿ ಏನೂ ಹೇಳಲಿಲ್ಲ. ಎಲೆ ಅಡಿಕೆ ಹಾಕಿಕೊಂಡರು.

ಎರಡು ದಿನ ಬಿಟ್ಟು ಅವರೇ ಕೇಳಿದರು. “ಆ ಪುಸ್ತಕದಲ್ಲಿ ದುಡ್ಡು ಬಿಟ್ಟು ಬೇರೆ ಏನಾದರೂ ಬರೀಬಹುದೇನೇ?”

“ಏನು ಬೇಕಾದರೂ ಬರೀಬಹುದು ಅಜ್ಜಿ. ನಮ್ಮ ತಾಳಗುಂದದ ದೇವಸ್ಥಾನದ ಕಲ್ಲಿನ ಮೇಲೆ ಕನ್ನಡ ಬರಹ ಇದೆ. ಕ್ರಿ.ಶ. 370ರದು ಅಂತ ಪುರಾತತ್ವ ಇಲಾಖೆಯವರು ಹೇಳ್ತಾರೆ. ಅಷ್ಟು ವರ್ಷ ಆದರೂ ಓದೋಕೆ ಸಿಕ್ಕಿದೆ.”

“ಕಲ್ಲು ಬೇಡ ಬಿಡು. ಕುಲಾವಿ ಬರೆದುಕೋ. ನನ್ನ ಕಣ್ಣು ಮಂಜಾಗ್ತಾ ಇದೆ.”

ನಾನು ಬರೆಯುತ್ತಾ ಹೋದೆ. ಉಣ್ಣೆ ನೂಲು. ಆರು ಚೈನು, ಉಂಗುರ. ಹನ್ನೆರಡು ಕಂಬ. ಇಪ್ಪತ್ನಾಲ್ಕು. ಮೂವತ್ತಾರು. ನಲವತ್ತೆಂಟು. ಅರವತ್ತು. ಅರವತ್ತಾದ ಮೇಲೆ ಹೆಚ್ಚಿಸಬೇಡ, ಹಾಗೇ ಸುತ್ತು ಹಾಕು.

“ಎಷ್ಟು ಸುತ್ತು ಅಜ್ಜಿ?”

“ಅದನ್ನು ನಾನು ಹೇಗೆ ಹೇಳಲಿ? ಮಗುವಿನ ತಲೆ ನೋಡಿ ಹಾಕಬೇಕು.”

ಅದನ್ನೂ ಹಾಗೇ ಬರೆದೆ.