ಟ್ಯಾಬ್ ಕೊಟ್ಟಾಯ್ತು, ಬರೆಯೋದು ಯಾವಾಗ?



2021ರ ಜೂನ್ ತಿಂಗಳು ನೆನಪಿದೆಯಾ? ಕೊರೋನಾ ಎರಡನೇ ಅಲೆ ಇನ್ನೂ ಪೂರ್ತಿ ಇಳಿದಿರಲಿಲ್ಲ. ಕಾಲೇಜುಗಳಿಗೆ ಬೀಗ. ಆಗ ಮುಖ್ಯಮಂತ್ರಿಯಾಗಿದ್ದ ಬಿ.ಎಸ್. ಯಡಿಯೂರಪ್ಪನವರು ಸರ್ಕಾರಿ ಪದವಿ ಕಾಲೇಜು, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಮಕ್ಕಳಿಗೆ ಉಚಿತ ಟ್ಯಾಬ್ ಕೊಡುವ ಯೋಜನೆಗೆ ಚಾಲನೆ ಕೊಟ್ಟರು. ಸುಮಾರು 1.55 ಲಕ್ಷ ವಿದ್ಯಾರ್ಥಿಗಳು, 163 ಕೋಟಿ ರೂಪಾಯಿ. ಭಾಗಿಸಿ ನೋಡಿ, ಒಂದು ಟ್ಯಾಬ್‌ಗೆ ಹತ್ತಿರ ಹತ್ತಿರ ಹತ್ತೂವರೆ ಸಾವಿರದ ಲೆಕ್ಕ ಬರುತ್ತೆ. ಫೋಟೋ ಬಂತು, ಭಾಷಣ ಆಯ್ತು, ನಾವೂ ಸುದ್ದಿ ಮಾಡಿದೆವು. ತಪ್ಪೇನಿಲ್ಲ. ಆವತ್ತಿನ ಅವಸರ ಪಾಠ ಕೇಳೋದಾಗಿತ್ತು. ಮೇಷ್ಟ್ರು ಎಲ್ಲೋ, ಮಕ್ಕಳು ಎಲ್ಲೋ. ಕೇಳೋಕೆ ಒಂದು ಪರದೆ ಬೇಕಿತ್ತು, ಕೊಟ್ಟರು.

ಆದರೆ ಓದು ಅಂದರೆ ಬರೀ ಕೇಳೋದಲ್ಲವಲ್ಲ ಸ್ವಾಮಿ. ಬರೆಯೋದು ಇದೆ. ನಿಯೋಜಿತ ಕಾರ್ಯ, ಸೆಮಿನಾರ್ ಪೇಪರ್, ಎಂ.ಎ. ಪ್ರಾಜೆಕ್ಟ್, ಮುಂದೆ ಹೋದರೆ ಪಿಎಚ್.ಡಿ. ಪ್ರಬಂಧ. ಆ ಟ್ಯಾಬ್ ಕೈಗೆ ಬಂದ ಮೇಲೆ ಅದರಲ್ಲಿ ಎಷ್ಟು ಮಂದಿ ಎಷ್ಟು ಪುಟ ಬರೆದರು? ಈ ಪ್ರಶ್ನೆ ಇವತ್ತು ಯಾಕೆ ಬಂತು ಅಂದರೆ, ಯಾಪಲದಿನ್ನಿಯಿಂದ ಒಬ್ಬ ವೀಕ್ಷಕರು ವಾಟ್ಸಾಪ್‌ನಲ್ಲಿ ಒಂದು ಧ್ವನಿ ಸಂದೇಶ ಕಳಿಸಿದ್ದಾರೆ. ರಾಯಚೂರು ತಾಲೂಕಿನ ಗಡಿ ಕಡೆಯ ಊರು ಅದು, ಕನ್ನಡದ ಜೊತೆ ತೆಲುಗೂ ಸಲೀಸಾಗಿ ನಡೆಯುವ ಸೀಮೆ. ಅವರ ಮಾತು ಅವರ ಮಾತಲ್ಲೇ ಕೇಳಿ: "ಸರ, ನಮಸ್ಕಾರ್ರೀ. ನನ್ನ ಮಗಳು ಎಂ.ಎ. ಓದಾಕತ್ತಾಳ್ರೀ. ಪ್ರಾಜೆಕ್ಟ್ ಬರೀಬೇಕಂತ, ಟ್ಯಾಬ್ ಕೊಡಸು ಅಂತಾಳ. ಹತ್ತಿ ರೊಕ್ಕ ಬಂದದ. ಕೊಡಸ್ಲೇನ್ರೀ, ಬ್ಯಾಡೇನ್ರೀ? ಕೈಗೆ ಕೊಟ್ರ ಬರೀತಾಳೋ, ರೀಲ್ಸ್ ನೋಡ್ಕೋತ ಕುಂದರ್ತಾಳೋ?"

ಎಂಥ ನೇರ ಪ್ರಶ್ನೆ ನೋಡಿ. ಹತ್ತಿ ಮಾರಿದ ದುಡ್ಡಿನ ಮೇಲೆ ಇರೋ ಈ ಎಚ್ಚರ ನಮ್ಮ ತೆರಿಗೆ ದುಡ್ಡಿನ ಮೇಲೂ ಇದ್ದಿದ್ದರೆ!

ಮೊದಲು ಲಾಭದ ಮಾತು. ಆ ಹುಡುಗಿಯ ವಿಷಯ ಏನು ಅಂತ ತಂದೆ ಹೇಳಿಲ್ಲ. ದಾಸ ಸಾಹಿತ್ಯ ಅಂತಲೇ ಇಟ್ಟುಕೊಳ್ಳೋಣ. ರಾಯಚೂರು ಜಿಲ್ಲೆಯವರಿಗೆ ಅದು ಮನೆಯಂಗಳದ ವಿಷಯ. ವಿಜಯದಾಸರು ಮಾನ್ವಿ ಕಡೆಯ ಚೀಕಲಪರವಿಯವರು, ಗೋಪಾಲದಾಸರು ದೇವದುರ್ಗದ ಕಡೆಯ ಮೊಸರಕಲ್ಲಿನವರು, ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ಬ್ಯಾಗವಾಟದವರು. ಊರು ಹತ್ತಿರ ಇದೆ, ಪುಸ್ತಕ ಹತ್ತಿರ ಇಲ್ಲ. ಹಳೆಯ ಸಂಪುಟಗಳನ್ನು ಗ್ರಂಥಾಲಯದಿಂದ ಮನೆಗೆ ಕೊಡೋದಿಲ್ಲ. ಮುನ್ನೂರು ಪುಟ ಝೆರಾಕ್ಸ್ ಮಾಡಿಸೋಕೆ ದುಡ್ಡು ಬೇಕು. ಟ್ಯಾಬ್ ಇದ್ದರೆ ಅಲ್ಲೇ ಕೂತು ಬೇಕಾದ ಪುಟದ ಚಿತ್ರ ತೆಗೆದುಕೊಂಡು ಬರಬಹುದು. ದೇಶದ ವಿಶ್ವವಿದ್ಯಾಲಯಗಳ ಲಕ್ಷಗಟ್ಟಲೆ ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿ ಪುಕ್ಕಟೆ ಇವೆ. ಮೊಬೈಲ್‌ನಲ್ಲೂ ತೆರೆಯಬಹುದು, ಆದರೆ ಆರಿಂಚಿನ ಪರದೆಯಲ್ಲಿ ಒಂದು ಪುಟ ಓದೋಕೆ ನಾಲ್ಕು ಸಲ ಹಿಗ್ಗಿಸಿ ಕುಗ್ಗಿಸಬೇಕು. ಹತ್ತಿಂಚಿನ ಟ್ಯಾಬ್‌ನಲ್ಲಿ ಪುಟ ಪುಟದ ಹಾಗೆ ಕಾಣುತ್ತೆ. ಸಾಲಿನ ಕೆಳಗೆ ಗೆರೆ ಎಳೆಯಬಹುದು, ಅಂಚಿನಲ್ಲಿ ಟಿಪ್ಪಣಿ ಹಾಕಬಹುದು.

ವಚನದ ವಿಷಯ ಆಗಿದ್ದರೆ ಇನ್ನೂ ಸುಲಭ. ವಚನ ಸಂಚಯ ಅಂತ ಒಂದು ಜಾಲತಾಣ ಇದೆ, 20 ಸಾವಿರಕ್ಕೂ ಹೆಚ್ಚು ವಚನಗಳು ಅದರಲ್ಲಿವೆ. ಒಂದು ಪದ ಕೊಟ್ಟರೆ ಅದು ಎಲ್ಲೆಲ್ಲಿ ಬಂದಿದೆ ಅಂತ ತೋರಿಸುತ್ತೆ. ಹಿಂದಿನ ವಿದ್ವಾಂಸರು ಇದೇ ಕೆಲಸವನ್ನು ಚೀಟಿ ಬರೆದು, ಪೆಟ್ಟಿಗೆಯಲ್ಲಿ ಜೋಡಿಸಿಟ್ಟು ಮಾಡ್ತಿದ್ದರು. ತಿಂಗಳುಗಟ್ಟಲೆ.

ಇನ್ನು ಜಾನಪದದವರು. ಅಲಾಯಿ ಹಬ್ಬದ ರಿವಾಯತ್ ಪದ, ತತ್ವಪದ, ಇವೆಲ್ಲ ನಮ್ಮ ಹಳ್ಳಿಗಳಲ್ಲಿ ಇನ್ನೂ ಹಾಡುವವರ ಬಾಯಲ್ಲಿವೆ. ಹಾಡು ದಾಖಲು ಮಾಡಿಕೊಂಡು, ಅದೇ ಯಂತ್ರದಲ್ಲಿ ಮತ್ತೆ ಮತ್ತೆ ಕೇಳಿ ಬರೆದುಕೊಳ್ಳಬಹುದು. ಮತ್ತೊಂದು, ಬೇಸಿಗೆಯಲ್ಲಿ ಕರೆಂಟ್ ಹೋದರೆ ಮೇಜಿನ ಮೇಲಿನ ಕಂಪ್ಯೂಟರ್ ಸತ್ತ ಹಾಗೆ. ಟ್ಯಾಬ್ ಬೆಳಿಗ್ಗೆ ಚಾರ್ಜ್ ಮಾಡಿದ್ದರೆ ಸಂಜೆತನಕ ನಡೆಯುತ್ತೆ. ಬೇವಿನ ಮರದ ಕೆಳಗೆ ಕೂತೂ ಕೆಲಸ ಮಾಡಬಹುದು. ರಾಯಚೂರಿನ ಏಪ್ರಿಲ್ ಬಿಸಿಲು ಕಂಡವರಿಗೆ ಇದು ಸಣ್ಣ ಮಾತಲ್ಲ ಅಂತ ಗೊತ್ತು.

ಇಷ್ಟೆಲ್ಲ ಸರಿ. ಆದರೆ ಗಮನಿಸಿದಿರಾ? ನಾನು ಹೇಳಿದ್ದರಲ್ಲಿ ಹೆಚ್ಚಿನದು ಓದೋದು, ನೋಡೋದು, ಕೇಳೋದು, ಚಿತ್ರ ತೆಗೆಯೋದು. ಟ್ಯಾಬ್ ಹುಟ್ಟಿದ್ದೇ ಹಾಗೆ. 2010ರಲ್ಲಿ ಐಪ್ಯಾಡ್ ಬಂದಾಗ ಅದನ್ನು ಸೋಫಾದ ಮೇಲೆ ಒರಗಿ ಕೂತು ತೋರಿಸಿದರು, ಮೇಜಿನ ಮುಂದೆ ಅಲ್ಲ. ಮರುವರ್ಷ ಅಕ್ಟೋಬರ್‌ನಲ್ಲಿ ನಮ್ಮ ದೇಶದಲ್ಲಿ ಕಪಿಲ್ ಸಿಬಲ್ ಅವರು 'ಆಕಾಶ್' ಅನ್ನೋ ಅಗ್ಗದ ಟ್ಯಾಬ್ ಬಿಡುಗಡೆ ಮಾಡಿದರು. ಜಗತ್ತಿನ ಅತ್ಯಂತ ಅಗ್ಗದ ಟ್ಯಾಬ್ ಅಂತ ದೊಡ್ಡ ಸದ್ದು. ಅದರ ಪರದೆಯನ್ನು ಬೆರಳಿಂದ ಮುಟ್ಟಿದರೆ ಸಾಲದು, ಒತ್ತಬೇಕಿತ್ತು. ಅದರಲ್ಲಿ ಪ್ರಬಂಧ ಬರೆದವರು ಯಾರಾದರೂ ಇದ್ದರೆ ನನಗೆ ಕರೆ ಮಾಡಿ, ಸ್ಟುಡಿಯೋಗೆ ಕರೆಸಿ ಸನ್ಮಾನ ಮಾಡ್ತೀನಿ.

ಗಾಜಿನ ಮೇಲೆ ಬೆರಳಾಡಿಸಿ ನಾಲ್ಕು ಸಾಲು ಬರೆಯಬಹುದು, ನಲವತ್ತು ಪುಟ ಆಗಲ್ಲ. ಕೀಬೋರ್ಡ್ ಪರದೆಯ ಮೇಲೆ ಎದ್ದು ಬಂದರೆ ಅರ್ಧ ಪರದೆ ಅದೇ ತಿಂದುಬಿಡುತ್ತೆ. ಹಿಂದಿನ ಪ್ಯಾರಾದಲ್ಲಿ ಏನು ಹೇಳಿದ್ದೆ ಅಂತ ನೋಡೋಕೆ ಜಾಗ ಇರಲ್ಲ. ಕನ್ನಡದಲ್ಲಂತೂ ಒತ್ತಕ್ಷರ, ದೀರ್ಘ, ಅರ್ಕಾವತ್ತು. 'ಸ್ವಾತಂತ್ರ್ಯ' ಅಂತ ಒಂದು ಸಲ ಗಾಜಿನ ಮೇಲೆ ಹೊಡೆದು ನೋಡಿ. ಮಾತಾಡಿದ್ದನ್ನೇ ಅಕ್ಷರ ಮಾಡುವ ಸೌಲಭ್ಯ ಇದೆ, ಗೂಗಲ್ 2017ರಲ್ಲಿ ಕನ್ನಡಕ್ಕೂ ತಂದಿತು. ನಿಧಾನವಾಗಿ, ಪುಸ್ತಕದ ಕನ್ನಡದಲ್ಲಿ ಹೇಳಿದರೆ ಮೆಚ್ಚುವ ಹಾಗೆ ಬರೆದುಕೊಡುತ್ತೆ. ಯಾಪಲದಿನ್ನಿಯ ಅಜ್ಜಿ ಹೇಳಿದ ಹಾಡಿಗೆ ತಡವರಿಸುತ್ತೆ. ಅಲ್ಲಿ ಕಿವಿ ಮತ್ತು ಬೆರಳೇ ಗತಿ.

ಈಗ ಆ ತಂದೆಯ ಭಯಕ್ಕೆ ಬರೋಣ. ರೀಲ್ಸ್.

ಭಯ ಸುಳ್ಳಲ್ಲ. ಪುಸ್ತಕ ಓದ್ತಾ ಇರುವಾಗ ಪುಸ್ತಕದೊಳಗಿಂದ ಯಾರೂ ಎದ್ದು ಬಂದು ಭುಜ ತಟ್ಟಲ್ಲ. ಟ್ಯಾಬ್ ತಟ್ಟುತ್ತೆ. ಟಿಂಗ್ ಅನ್ನುತ್ತೆ, ಮೇಲಿಂದ ಒಂದು ಪಟ್ಟಿ ಇಳಿಯುತ್ತೆ. ಮದುವೆ ಫೋಟೋ, ಕ್ರಿಕೆಟ್ ಸ್ಕೋರ್, ಸಾಲ ಬೇಕಾ ಅನ್ನೋ ಸಂದೇಶ. ನಮ್ಮ ಚಾನೆಲ್ಲಿನ ಆ್ಯಪ್ ಕೂಡ ಅದರಲ್ಲಿದೆ ಅನ್ನಿ, ಬ್ರೇಕಿಂಗ್ ನ್ಯೂಸ್ ಅಂತ ದಿನಕ್ಕೆ ಹತ್ತು ಸಲ. ಪರೀಕ್ಷೆ ಸಮಯದಲ್ಲಿ ಅದನ್ನೂ ಬಂದ್ ಮಾಡಿ, ನಮಗೇನೂ ಬೇಜಾರಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಅನ್ನೋ ಸಂಶೋಧಕಿ ಈ ಅಡ್ಡಿಗಳ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಕಚೇರಿ ಕೆಲಸದ ಮಧ್ಯೆ ತಡೆ ಬಂದರೆ ಬಿಟ್ಟ ಕೆಲಸಕ್ಕೆ ವಾಪಸ್ ಬರೋಕೆ ಸರಾಸರಿ 23 ನಿಮಿಷ ಹಿಡಿಯುತ್ತೆ ಅನ್ನೋದು ಅವರ ಲೆಕ್ಕ. ನೋಡಿದ್ದು ಹತ್ತು ಸೆಕೆಂಡ್, ಹೋಗಿದ್ದು ಅರ್ಧ ಗಂಟೆ.

ಹಾಗಂತ ಕೈಬರಹವೇ ಶ್ರೇಷ್ಠ, ಯಂತ್ರ ಕನಿಷ್ಠ ಅಂತ ತೀರ್ಪು ಕೊಡೋಕೆ ನಾನು ತಯಾರಿಲ್ಲ. 2014ರಲ್ಲಿ ಅಮೆರಿಕದಲ್ಲಿ ಇಬ್ಬರು ಒಂದು ಪ್ರಯೋಗ ಮಾಡಿದರು, ಮ್ಯುಲರ್ ಮತ್ತು ಒಪನ್‌ಹೈಮರ್. ಲ್ಯಾಪ್‌ಟಾಪ್‌ನಲ್ಲಿ ಟಿಪ್ಪಣಿ ಮಾಡಿಕೊಂಡವರು ಮೇಷ್ಟ್ರು ಹೇಳಿದ್ದನ್ನು ಹಾಗೇ ಇಳಿಸಿದರು, ಪೆನ್ನಲ್ಲಿ ಬರೆದವರು ಕಡಿಮೆ ಬರೆದರೂ ಅರ್ಥ ಮಾಡಿಕೊಂಡು ಬರೆದರು ಅಂತ ಹೊರಬಂತು. ಜಗತ್ತೆಲ್ಲ ಸುದ್ದಿ. 2019ರಲ್ಲಿ ಬೇರೆಯವರು ಅದನ್ನೇ ಮತ್ತೆ ಮಾಡಿ ನೋಡಿದಾಗ ಅಷ್ಟು ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಅದು ಅಷ್ಟು ಸುದ್ದಿ ಆಗಲಿಲ್ಲ, ಯಾಕೆ ಅಂತ ನಿಮಗೂ ಗೊತ್ತು ನಮಗೂ ಗೊತ್ತು.

ರೀಲ್ಸ್‌ಗಿಂತ ದೊಡ್ಡ ಅಪಾಯ ಇನ್ನೊಂದಿದೆ, ಅದನ್ನು ತಂದೆ ಕೇಳಿಲ್ಲ. ಬೇರೆಯವರದನ್ನು ಎತ್ತಿ ತನ್ನದರಲ್ಲಿ ಇಡೋದು. ಟ್ಯಾಬ್‌ನಲ್ಲಿ ಎಡಗಡೆ ಶೋಧಗಂಗಾ, ಬಲಗಡೆ ತನ್ನ ಪ್ರಬಂಧ. ಬೆರಳು ಒತ್ತಿ ಹಿಡಿದರೆ ಆಯ್ತು, ಎರಡು ಪುಟ ಈ ಕಡೆ ಬಂದುಬಿಡುತ್ತೆ. ಯುಜಿಸಿ 2018ರಲ್ಲೇ ನಿಯಮ ಮಾಡಿದೆ. ಶೇಕಡಾ 10ರವರೆಗೆ ಹೋಲಿಕೆ ಇದ್ದರೆ ದಂಡ ಇಲ್ಲ. ಅದಕ್ಕಿಂತ ಹೆಚ್ಚಾದಂತೆ ಶಿಕ್ಷೆ ಏರುತ್ತೆ. 60 ದಾಟಿದರೆ ಸಂಶೋಧನೆಯ ನೋಂದಣಿಯೇ ರದ್ದು. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಮಗು ಅದು. ಉದ್ಧರಣೆ ಹೇಗೆ ಕೊಡಬೇಕು, ಆಕರ ಹೇಗೆ ಹೇಳಬೇಕು ಅಂತ ಕೂರಿಸಿಕೊಂಡು ಕಲಿಸಿದವರು ಯಾರು? ರೀಲ್ಸ್ ನೋಡಿದರೆ ಒಂದು ಸಂಜೆ ಹೋಗುತ್ತೆ. ಇದರಲ್ಲಿ ವರ್ಷಗಳೇ ಹೋಗುತ್ತವೆ.

ಸರಿ, ಇವೆಲ್ಲ ದಾಟಿದಳು ಅಂತಿಟ್ಟುಕೊಳ್ಳಿ. ರೀಲ್ಸ್ ನೋಡಲಿಲ್ಲ, ಕದಿಯಲಿಲ್ಲ, ಬೆರಳು ನೋಯಿಸಿಕೊಂಡು ಕನ್ನಡದಲ್ಲಿ ನೂರು ಪುಟ ಬರೆದಳು. ಟ್ಯಾಬ್‌ನಲ್ಲಿ ಬರೆದ ಕನ್ನಡ ಯೂನಿಕೋಡ್. ಮಾರ್ಗದರ್ಶಕರಿಗೆ ಕಳಿಸಿದಳು. ಉತ್ತರ ಬರುತ್ತೆ: "ನುಡಿಯಲ್ಲಿ ಟೈಪ್ ಮಾಡಿಸಿ ಕೊಡಮ್ಮ."

ವೀಕ್ಷಕರೇ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಗಂಟು ಇರೋದು ಇಲ್ಲೇ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶ ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದೆ, ಅದಕ್ಕೆ ಎರಡು ಮಾತಿಲ್ಲ. ಆದರೆ ಅದರ ಹಳೆಯ ಅಕ್ಷರಗಳ ವ್ಯವಸ್ಥೆ ಹೇಗಿತ್ತು? ಒಳಗೆ ಕಂಪ್ಯೂಟರ್ ಇಟ್ಟುಕೊಳ್ಳೋದು ಇಂಗ್ಲಿಷಿನವರಿಗೆ ಮೀಸಲಾದ ಸಂಕೇತಗಳನ್ನು, ಮೇಲೆ ಕನ್ನಡದ ಅಂಗಿ. ಆ ಅಂಗಿ, ಅಂದರೆ ಆ ಫಾಂಟ್, ಇರೋ ಕಂಪ್ಯೂಟರ್‌ನಲ್ಲಿ ಮಾತ್ರ ಕನ್ನಡ ಕಾಣುತ್ತೆ. ಟ್ಯಾಬ್‌ನಲ್ಲಿ ತೆರೆದರೆ ಸೊಟ್ಟ ಚಿಹ್ನೆಗಳ ರಾಶಿ. ಯೂನಿಕೋಡ್ ಹಾಗಲ್ಲ. ಕನ್ನಡದ 'ಕ'ಗೆ ಜಗತ್ತಿನಾದ್ಯಂತ ಒಂದೇ ಸಂಕೇತ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಸೇರಿದೆ. ನುಡಿಯೂ ಈಗ ಯೂನಿಕೋಡ್ ಕೊಡುತ್ತೆ. ಯೂನಿಕೋಡ್ ಬಳಸಿ ಅಂತ ರಾಜ್ಯ ಸರ್ಕಾರವೇ ಆದೇಶ ಹೊರಡಿಸಿ ವರ್ಷಗಳಾದವು. ಆದರೂ ಎಷ್ಟೋ ಕಡೆ ವಿಭಾಗಗಳಲ್ಲಿ, ಸಂಶೋಧನಾ ಪತ್ರಿಕೆಗಳಲ್ಲಿ, ಮುದ್ರಣಾಲಯಗಳಲ್ಲಿ ಹಳೆಯ ಅಂಗಿಯೇ ಬೇಕು.

ಆಗ ಆ ಹುಡುಗಿ ಏನು ಮಾಡಬೇಕು? ಬಸ್ ಹತ್ತಿ ರಾಯಚೂರಿಗೆ ಬರಬೇಕು, ಡಿಟಿಪಿ ಅಂಗಡಿ ಹುಡುಕಬೇಕು. ತಾನು ಒಮ್ಮೆ ಟೈಪ್ ಮಾಡಿದ್ದನ್ನು ದುಡ್ಡು ಕೊಟ್ಟು ಇನ್ನೊಮ್ಮೆ ಟೈಪ್ ಮಾಡಿಸಬೇಕು. ಪುಟಕ್ಕೆ 20 ರೂಪಾಯಿ ಅಂತ ಹಿಡಿದರೂ ನೂರು ಪುಟಕ್ಕೆ 2 ಸಾವಿರ. ಅಂಗಡಿಯಲ್ಲಿ ಹೊಸ ತಪ್ಪುಗಳು ಸೇರುತ್ತವೆ, ತಿದ್ದೋಕೆ ಮತ್ತೆ ಬಸ್ಸು. ಮಾರ್ಗದರ್ಶಕರು ತಿದ್ದಿ ಕಳಿಸಿದ ಕಡತ ಆಕೆಯ ಟ್ಯಾಬ್‌ನಲ್ಲಿ ತೆರೆಯಲ್ಲ. ಮುಂದಿನ ಸಲ ಅವಳು ಟ್ಯಾಬ್‌ನಲ್ಲಿ ಬರೀತಾಳಾ? ಬರೆಯಲ್ಲ. ಕಾಗದದಲ್ಲಿ ಬರೆದು ಸೀದಾ ಅಂಗಡಿಗೆ ಕೊಡ್ತಾಳೆ. ಟ್ಯಾಬ್ ಖಾಲಿ ಕೂರುತ್ತೆ. ಖಾಲಿ ಕೂತ ಟ್ಯಾಬ್‌ನಲ್ಲಿ ರೀಲ್ಸ್ ಬಿಟ್ಟು ಇನ್ನೇನು ಓಡಬೇಕು ಹೇಳಿ!

ಮಕ್ಕಳು ಹಾಳಾದರು, ಮೊಬೈಲು ಟ್ಯಾಬು ಹಾಳು ಮಾಡಿದವು ಅಂತ ಸೆಮಿನಾರ್‌ಗಳಲ್ಲಿ ಭಾಷಣ ಕೇಳಿದ್ದೀನಿ. ಬರೆಯೋ ದಾರಿ ನಾವೇ ಮುಚ್ಚಿ, ನೋಡೋ ದಾರಿ ಮಾತ್ರ ತೆರೆದಿಟ್ಟು ಆಮೇಲೆ ಮಕ್ಕಳನ್ನು ಬೈದರೆ ಹೇಗೆ?

ಯಾಪಲದಿನ್ನಿಯ ಹಿರಿಯರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಕೊಡಿಸಿ. ಆದರೆ ಟ್ಯಾಬ್ ಒಂದನ್ನೇ ಕೊಡಿಸಬೇಡಿ. ಬ್ಲೂಟೂತ್ ಕೀಬೋರ್ಡ್ ಅಂತ ಸಿಗುತ್ತೆ, ಸಾವಿರ ರೂಪಾಯಿ ಆಸುಪಾಸು. ಅದು ಇಲ್ಲದಿದ್ದರೆ ನೀವು ಕೊಳ್ಳೋದು ಒಂದು ದೊಡ್ಡ ಮೊಬೈಲ್ ಅಷ್ಟೇ. ಟ್ಯಾಬ್‌ಗೆ ಬೇರೆ ಸಿಮ್ ಹಾಕಿಸಬೇಡಿ. ಬೇಕಾದ ಪುಸ್ತಕಗಳನ್ನು ಕಾಲೇಜಿನ ವೈಫೈಯಲ್ಲೋ ಮೊಬೈಲ್ ಹಾಟ್‌ಸ್ಪಾಟ್‌ನಲ್ಲೋ ಇಳಿಸಿಕೊಂಡು, ಬರೆಯುವಾಗ ನೆಟ್ ಇಲ್ಲದೆ ಬರೆಯಲಿ. ಬರೆದದ್ದನ್ನು ದಿನಕ್ಕೊಮ್ಮೆ ತನ್ನದೇ ಇಮೇಲ್‌ಗೆ ಕಳಿಸಿಕೊಳ್ಳಲಿ, ಟ್ಯಾಬ್ ಬಸ್ಸಿನಲ್ಲಿ ಬಿದ್ದರೂ ಪ್ರಾಜೆಕ್ಟ್ ಉಳಿಯುತ್ತೆ. ಮಗಳನ್ನು ಕಾವಲು ಕಾಯೋಕೆ ಹೋಗಬೇಡಿ. ಎಂ.ಎ. ಓದೋ ಹುಡುಗಿ ಅವಳು. ಸಂಜೆ ಒಮ್ಮೆ "ಇವತ್ತು ಏನು ಬರೆದಿ, ಓದಿ ಹೇಳವ್ವ" ಅನ್ನಿ. ನಿಮಗೆ ಅರ್ಥ ಆಗದಿದ್ದರೂ ಪರವಾಗಿಲ್ಲ, ಕೇಳಿಸಿಕೊಳ್ಳಿ.

ಇನ್ನು ವಿಶ್ವವಿದ್ಯಾಲಯಗಳಿಗೆ. ರಾಯಚೂರಿಗೆ ಸ್ವಂತ ವಿಶ್ವವಿದ್ಯಾಲಯ ಬಂದಿದೆ, ಯರಗೇರಾದಲ್ಲಿ ಅದರ ಆವರಣ ಇದೆ. ಗಡಿ ಹಳ್ಳಿಗಳ ಮಕ್ಕಳು ಕಲಬುರಗಿವರೆಗೆ ಓಡಾಡೋದು ತಪ್ಪಿದೆ. ಅದಕ್ಕೂ ಸೇರಿಸಿ ರಾಜ್ಯದ ಎಲ್ಲ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ ಒಂದೇ ಕೋರಿಕೆ. ಒಂದು ಪುಟದ ಸುತ್ತೋಲೆ ಹೊರಡಿಸಿ: ಕನ್ನಡದ ಪ್ರಾಜೆಕ್ಟ್ ಮತ್ತು ಪ್ರಬಂಧಗಳನ್ನು ಯೂನಿಕೋಡ್‌ನಲ್ಲಿ ಸ್ವೀಕರಿಸಲಾಗುವುದು, ಬೇರೆ ಫಾಂಟಿಗಾಗಿ ಒತ್ತಾಯಿಸುವಂತಿಲ್ಲ. ಇದಕ್ಕೆ 163 ಕೋಟಿ ಬೇಡ, ಒಂದು ಸಹಿ ಸಾಕು.

ಸುತ್ತೋಲೆ ಈಗಾಗಲೇ ಇದ್ದು ಪಾಲನೆ ಆಗ್ತಿಲ್ಲ ಅಂದರೆ ಅದನ್ನೂ ನೋಡೋಣ. ವಿದ್ಯಾರ್ಥಿಗಳೇ, "ಯೂನಿಕೋಡ್ ನಡೆಯಲ್ಲ, ನುಡಿಯಲ್ಲೇ ಕೊಡಿ" ಅಂತ ನಿಮಗೆ ಬಂದ ಸೂಚನೆ ಇದ್ದರೆ ಅದರ ಫೋಟೋ ತೆಗೆದು ಪರದೆಯ ಕೆಳಗೆ ಕಾಣ್ತಿರೋ ನಂಬರ್‌ಗೆ ಕಳಿಸಿ. ನಿಮ್ಮ ಹೆಸರು ಹೇಳಲ್ಲ. ವಿಭಾಗದ ಹೆಸರು ಹೇಳ್ತೀವಿ.