ನಮ್ಮ ಸಂಘದ ವೆಬ್‌ಸೈಟು ಹೊಲದ ಬದುವಿನಲ್ಲೂ ತೆರೆಯಬೇಕು

(ಸಂಘದ ಬೆಳ್ಳಿ ಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಂಥ ಸಭೆಯಲ್ಲಿ ಮೊದಲು ಹಿರಿಯರನ್ನು ನೆನೆಯಬೇಕು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿ ನಾಡಿಗೆ ದಾರಿ ತೋರಿಸಿದರು. ಅಂದಿನ ಸಂಘದ ಕೆಲಸವೂ ಇಂದಿನ ಸಂಘದ ಕೆಲಸವೂ ಒಂದೇ. ರೈತನಿಗೆ ಬೇಕಾದದ್ದನ್ನು ಬೇಕಾದ ಹೊತ್ತಿಗೆ ಮುಟ್ಟಿಸುವುದು. ಬೀಜ ಬಿತ್ತನೆ ಮುಗಿದ ಮೇಲೆ ಬಂದರೆ ಏನು ಉಪಯೋಗ? ಸುದ್ದಿಯದೂ ಹಂಗೇ ಅದ.

ಸಂಘಕ್ಕೆ ಒಂದು ವೆಬ್‌ಸೈಟು ಮಾಡಿಸಬೇಕು ಎಂಬ ವಿಷಯ ಈಗ ನಮ್ಮ ಮುಂದಿದೆ. 2022ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಕಂಪ್ಯೂಟರ್ ಅಳವಡಿಸಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದು ಲೆಕ್ಕಪತ್ರದ ಕೆಲಸ. ನಾನು ಹೇಳುತ್ತಿರುವುದು ಬೇರೆ. ಸದಸ್ಯರು ತಮ್ಮ ಮೊಬೈಲಿನಲ್ಲಿ ನೋಡುವ ಪುಟದ ಬಗ್ಗೆ. ನಾನು ಎಸ್ಸೆಸ್ಸೆಲ್ಸಿ ಓದಿದ ಒಕ್ಕಲಿಗ. ಕಂಪ್ಯೂಟರ್ ಕಲಿತ ನಮ್ಮ ಹುಡುಗರ ಹತ್ತಿರ ಕೂತು ಕೇಳಿ ತಿಳಿದದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಮನೆ ಕಟ್ಟಿಸುವವನು ಗೌಂಡಿ ಆಗಬೇಕಾಗಿಲ್ಲ. ಆದರೆ ಗೋಡೆ ಸೊಟ್ಟ ಅದನೋ ನೆಟ್ಟಗದನೋ ನೋಡಲಿಕ್ಕಾದರೂ ಬರಬೇಕು.

ವೆಬ್‌ಸೈಟು ಹೆಂಗಿರಬೇಕು ಅಂತ ಕೇಳಿದಾಗ ಹಲವರು ಹೇಳಿದ್ದು ಇದು: ಮೊದಲಿಗೆ ದೊಡ್ಡ ದೊಡ್ಡ ಫೋಟೋಗಳು ಒಂದಾದ ಮೇಲೊಂದು ಬರಬೇಕು, ನಿರ್ದೇಶಕರ ಭಾವಚಿತ್ರ ಇರಬೇಕು, ಅಕ್ಷರ ಓಡಾಡಬೇಕು, ಹಾಡು ಕೇಳಬೇಕು. ಮದುವಿ ಮಂಟಪಕ್ಕೆ ಇದೆಲ್ಲ ಸರಿ. ಆದರೆ ಯಾರಿಗಾಗಿ ಈ ಪುಟ ಅಂತ ಒಂದು ಸಲ ವಿಚಾರ ಮಾಡ್ರಿ.

ಸೋಯಾ ಕೊಯ್ದು ಹೊಲದಾಗ ಹರವಿದ್ದೀರಿ. ರಾತ್ರಿ ಅಕಾಲ ಮಳೆ ಹೊಡೆದು ಎಲ್ಲಾ ತೊಯ್ದು ಹೋಯಿತು. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ 2016ರಲ್ಲಿ ಶುರುವಾಯಿತು. ಅದರ ಪ್ರಕಾರ ಇಂಥ ನಷ್ಟ ಆದರೆ 72 ತಾಸಿನೊಳಗೆ ತಿಳಿಸಬೇಕು. ಯಾರಿಗೆ ತಿಳಿಸಬೇಕು, ಯಾವ ಕಾಗದ ಬೇಕು, ಸಹಾಯವಾಣಿ 14447 ಅನ್ನೋದು, ಇಷ್ಟು ಗೊತ್ತಾದರೆ ಸಾಕು. ರೈತ ಬದುವಿನ ಮೇಲೆ ನಿಂತು ಸಂಘದ ಪುಟ ಒತ್ತುತ್ತಾನೆ. ಸಿಗ್ನಲ್ ಒಂದೇ ಕಡ್ಡಿ. ಆ ಹೊತ್ತಿಗೆ ನನ್ನ ಭಾವಚಿತ್ರ ಇಳಿಯುವ ತನಕ ಅವನು ಕಾಯಬೇಕೇನು? ಸುತ್ತುವ ಚಕ್ರ ನೋಡಿ ಬೇಸತ್ತು ಫೋನು ಕಿಸೆಗೆ ಹಾಕಿಕೊಳ್ಳುತ್ತಾನೆ. ತೆರೆಯದ ಪುಟ ಇದ್ದೂ ಇಲ್ಲದಂಗ. ಅದಕ್ಕೇ ನನ್ನ ಮಾತು ಒಂದೇ: ನಮ್ಮ ವೆಬ್‌ಸೈಟು ಹಗುರ ಇರಬೇಕು. ಉಳಿದದ್ದೆಲ್ಲ ಆಮೇಲೆ.

ಹಗುರ ಅಂದರೇನು? ತೂಕದ ಲೆಕ್ಕ ನಮಗೆ ಹೊಸದಲ್ಲ. ಪುಟದ ತೂಕವನ್ನು ಬೈಟಿನಲ್ಲಿ ಅಳೆಯುತ್ತಾರೆ. ಫೋನಿನ ವೇಗವನ್ನು ಬಿಟ್ಟಿನಲ್ಲಿ ಹೇಳುತ್ತಾರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹೊಲದಲ್ಲಿ ಸೆಕೆಂಡಿಗೆ 1 ಮೆಗಾಬಿಟ್ ಬರುತ್ತದೆ ಅಂತ ಇಟ್ಟುಕೊಳ್ಳೋಣ. ಮೊಬೈಲಿನಲ್ಲಿ ತೆಗೆದ ಫೋಟೋ ಒಂದು 3 ಮೆಗಾಬೈಟ್ ಇದ್ದರೆ ಅದು ಇಳಿಯಲಿಕ್ಕೆ 24 ಸೆಕೆಂಡು ಬೇಕು. ಅಂಥ ಐದು ಫೋಟೋ ಇಟ್ಟರೆ 2 ನಿಮಿಷ. ಈಗ ಬರಹದ ಲೆಕ್ಕ ನೋಡ್ರಿ. ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೆ 3 ಬೈಟ್ ಹಿಡಿಯುತ್ತದೆ. 2,000 ಚಿಹ್ನೆ ಇರುವ ಪೂರಾ ನೋಟಿಸು ಸುಮಾರು 6 ಕಿಲೋಬೈಟ್ ಆಗುತ್ತದೆ. ಅದಕ್ಕೆ ಸೆಕೆಂಡಿನ 20ರಲ್ಲಿ ಒಂದು ಪಾಲು ಸಾಕು. ಅಂದರೆ ಒಂದು ಫೋಟೋ ತೂಕದಲ್ಲಿ 500 ನೋಟಿಸು ಹಾಕಬಹುದು! ಮೇಲಾಗಿ ಬರಹವನ್ನು ಸರ್ವರಿನಲ್ಲಿಯೇ ಒತ್ತಿ ಸಣ್ಣದು ಮಾಡಿ ಕಳಿಸುವ ವ್ಯವಸ್ಥೆ ಇದೆ. ಹತ್ತಿಯನ್ನು ಗಟ್ಟಿ ಒತ್ತಿ ಅಂಡಿಗೆ ಕಟ್ಟಿದಂತೆ. ಮಾಡುವವರಿಗೆ ಅದನ್ನು ಚಾಲೂ ಮಾಡ್ರಿ ಅಂತ ಹೇಳಬೇಕು ಅಷ್ಟೇ.

ಇದರಿಂದ ಮೊದಲ ಪಾಠ ಸಿಗುತ್ತದೆ. ನೋಟಿಸನ್ನು ಕಾಗದದ ಮೇಲೆ ಬರೆದು, ಅದರ ಫೋಟೋ ಹೊಡೆದು ವೆಬ್‌ಸೈಟಿಗೆ ಅಂಟಿಸಬಾರದು. ಅಕ್ಷರದಲ್ಲಿಯೇ ಹಾಕಬೇಕು. ಅದೂ ಯೂನಿಕೋಡ್ ಅಕ್ಷರದಲ್ಲಿ. ನುಡಿ, ಬರಹ ತಂತ್ರಾಂಶಗಳು ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿವೆ. ಆದರೆ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಂಗೇ ಅಂಟಿಸಿದರೆ ಆ ಫಾಂಟು ಇಲ್ಲದ ಫೋನಿನಲ್ಲಿ ಹಾಳುಮೂಳು ಗುರುತು ಕಾಣುತ್ತವೆ. ಯೂನಿಕೋಡ್ ಆದರೆ ಎಲ್ಲ ಫೋನಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ. ಹುಡುಕಿದರೆ ಸಿಗುತ್ತದೆ. ಕಣ್ಣು ಕಾಣದವರಿಗೆ ಫೋನೇ ಓದಿ ಹೇಳುತ್ತದೆ. ನಮ್ಮ ಗಡಿ ಭಾಗದಲ್ಲಿ ಮರಾಠಿ, ಉರ್ದು ಓದುವ ಸದಸ್ಯರೂ ಇದ್ದಾರೆ. ಬರಹವಾದರೆ ಅವರು ತಮ್ಮ ಭಾಷೆಗೆ ಸುಲಭವಾಗಿ ತಿರುಗಿಸಿಕೊಳ್ಳಬಹುದು.

ಎರಡನೇ ಪಾಠ ಫೋಟೋದ್ದು. ಫೋಟೋ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ರೋಗ ಬಿದ್ದ ತೊಗರಿ ಎಲೆ ಹೆಂಗಿರುತ್ತದೆ ಅಂತ ತೋರಿಸಲಿಕ್ಕೆ ಫೋಟೋನೇ ಬೇಕು. ಆದರೆ 12 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋ ಅಗಲಕ್ಕೆ 4,000 ಚುಕ್ಕಿ, ಎತ್ತರಕ್ಕೆ 3,000 ಚುಕ್ಕಿ ಇರುತ್ತದೆ. ಅಗ್ಗದ ಫೋನಿನ ಪರದೆ ಅಗಲ 720 ಚುಕ್ಕಿ. ಉಳಿದ ಚುಕ್ಕಿ ಯಾರ ಕಣ್ಣಿಗೂ ಬೀಳುವುದಿಲ್ಲ, ಡಾಟಾ ಮಾತ್ರ ಖರ್ಚು. ಅದನ್ನು 800 ಚುಕ್ಕಿ ಅಗಲಕ್ಕೆ ಇಳಿಸಿ, 80 ಕಿಲೋಬೈಟಿನ ಒಳಗೆ ತಂದು ಹಾಕಿದರೆ ಐದು ಫೋಟೋ ಸೇರಿ ಮೂರು ಸೆಕೆಂಡು ಚಿಲ್ಲರೆಯಲ್ಲಿ ಇಳಿಯುತ್ತವೆ. ಕೆಳಗಿನ ಫೋಟೋಗಳು ಓದುವವರು ಅಲ್ಲಿಗೆ ಸರಿದಾಗಲೇ ಇಳಿಯುವಂತೆ ಮಾಡಲಿಕ್ಕೂ ಬರುತ್ತದೆ. ಇನ್ನೊಂದು ಮಾತು. ಫೋಟೋಕ್ಕೆ ಮೊದಲೇ ಜಾಗ ಕಾಯ್ದಿಡಬೇಕು. ಇಲ್ಲದಿದ್ದರೆ ಓದುತ್ತಿದ್ದ ಸಾಲು ಥಟ್ಟನೆ ಕೆಳಗೆ ಜಿಗಿಯುತ್ತದೆ. ಗೊಬ್ಬರ ಅಂತ ಒತ್ತಲು ಹೋದರೆ ಬೀಜದ ಮೇಲೆ ಬೆರಳು ಬೀಳುತ್ತದೆ.

ಮೂರನೆಯದು ಅಲಂಕಾರದ್ದು. ಓಡುವ ಅಕ್ಷರ, ತಿರುಗುವ ಚಿತ್ರ, ಎಷ್ಟು ಜನ ಬಂದರು ಅನ್ನೋ ಲೆಕ್ಕದ ಡಬ್ಬಿ, ಇವೆಲ್ಲಕ್ಕೂ ಹಿಂದೆ ಸ್ಕ್ರಿಪ್ಟ್ ಎಂಬ ಬರಹ ಇರುತ್ತದೆ. ಫೋನು ಅದನ್ನು ಇಳಿಸಿಕೊಳ್ಳಬೇಕು, ಓದಬೇಕು, ಅದು ಹೇಳಿದಂತೆ ಕೆಲಸ ಮಾಡಬೇಕು. ಹೊಸ ದುಬಾರಿ ಫೋನಿಗೆ ಅದು ಲೆಕ್ಕಕ್ಕಿಲ್ಲ. ನಾಲ್ಕೈದು ವರ್ಷದ ಹಳೆಯ ಫೋನಿಗೆ ಮಾತ್ರ ಏರಿನಲ್ಲಿ ತುಂಬಿದ ಬಂಡಿ ಎಳೆದಂತೆ. ಪುಟ ಕಂಡರೂ ಒತ್ತಿದರೆ ಅಲುಗುವುದಿಲ್ಲ. ಹನ್ನೆರಡನೇ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಶರಣರು ನಾಲ್ಕಾರು ಸಾಲಿನ ವಚನದಲ್ಲಿ ದೊಡ್ಡ ಮಾತು ಹೇಳಿ ಹೋದರು. ಅಂಥ ನೆಲದವರು ನಾವು, ಒಂದು ಧಾರಣಿ ಪಟ್ಟಿ ತೋರಿಸಲಿಕ್ಕೆ ಇಷ್ಟೆಲ್ಲ ಬ್ಯಾಂಡು ಬಾಜಾ ಯಾಕೆ?

ನಾಲ್ಕನೇ ಪಾಠದ ಹೆಸರು ಕ್ಯಾಶ್. ಇದು ರೊಕ್ಕದ ಕ್ಯಾಶ್ ಅಲ್ರೀ! ಒಮ್ಮೆ ತಂದದ್ದನ್ನು ಕೈಗೆಟಕುವಲ್ಲಿ ಇಟ್ಟುಕೊಳ್ಳುವುದಕ್ಕೆ ಕಂಪ್ಯೂಟರಿನವರು ಹಾಗಂತಾರೆ. ಜೋಳದ ಚೀಲ ಮನೆಯಲ್ಲಿದ್ದರೆ ದಿನಾ ಪೇಟೆಗೆ ಹೋಗುತ್ತೀವೇನು? ಸಂಘದ ಲಾಂಛನ, ಅಕ್ಷರದ ಫಾಂಟು ದಿನಾ ಬದಲಾಗುವುದಿಲ್ಲ. ಇವನ್ನು ಒಂದು ವರ್ಷ ಫೋನಿನಲ್ಲಿಯೇ ಇಟ್ಟುಕೋ ಅಂತ ಸರ್ವರು ಹೇಳಬಹುದು. ಎರಡನೇ ಸಲ ಪುಟ ತೆರೆದಾಗ ಹೊಸ ಧಾರಣಿ ಮಾತ್ರ ಬಂದರೆ ಸಾಕು. ಆದರೆ ಧಾರಣಿಗೆ ಮಾತ್ರ ಈ ಕಟ್ಟು ಹಾಕಬಾರದು. ನಿನ್ನೆಯ ಉದ್ದಿನ ರೇಟು ಇವತ್ತಿನದೆಂದು ತೋರಿಸಿದರೆ ಹಗುರ ಪುಟವೂ ಮೋಸವೇ ಆಗುತ್ತದೆ. ಅದಕ್ಕೆ ಪ್ರತಿ ಧಾರಣಿಯ ಪಕ್ಕ ತಾರೀಖು, ವೇಳೆ ಬರೆದಿರಲೇಬೇಕು.

ಐದನೆಯದು ಗದ್ದಲದ ದಿನದ್ದು. ವಿಮೆ ತುಂಬುವ ಕೊನೆಯ ದಿನ, ಬೀಜ ಹಂಚುವ ಮುಂಜಾನೆ ಎಲ್ಲರೂ ಒಟ್ಟಿಗೆ ಒತ್ತುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ತೂಕದ ಕಾಟಾ ಮುಂದೆ ಟ್ರ್ಯಾಕ್ಟರ್ ಸಾಲು ನಿಂತದ್ದನ್ನು ನೋಡಿದ್ದೀರಿ. ಕಾಟಾ ಒಂದೇ, ಗಾಡಿ ನೂರು. ಸರ್ವರಿನ ಪಾಡೂ ಹಂಗೇ. ಎಷ್ಟೋ ವೆಬ್‌ಸೈಟುಗಳಲ್ಲಿ ಒಬ್ಬೊಬ್ಬರು ಕೇಳಿದಾಗಲೂ ಸರ್ವರು ಕಡತ ಹುಡುಕಿ, ಪುಟವನ್ನು ಹೊಸದಾಗಿ ಜೋಡಿಸಿ ಕೊಡುತ್ತದೆ. ಜಾತ್ರೆಯಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಒಲೆ ಹೊತ್ತಿಸಿ ಚಹಾ ಕಾಸಿದಂತೆ. ನಮ್ಮ ಧಾರಣಿ ಪಟ್ಟಿ ದಿನಕ್ಕೆ ಒಂದೆರಡು ಸಲ ಬದಲಾಗುವುದು. ಬದಲಾದಾಗ ಒಮ್ಮೆ ಪುಟ ತಯಾರಿಸಿಟ್ಟು ಅದನ್ನೇ ಎಲ್ಲರಿಗೂ ಕೊಟ್ಟರೆ ಆಯಿತು. ಒಂದೇ ಹಂಡೆ, ಸಾವಿರ ಕಪ್ಪು. ಇದಕ್ಕೆ ದೊಡ್ಡ ಸರ್ವರೂ ಬೇಡ, ದೊಡ್ಡ ಖರ್ಚೂ ಬೇಡ. ಸರ್ವರು ದೂರದೇಶದಲ್ಲಿ ಇರುವುದಕ್ಕಿಂತ ನಮ್ಮ ದೇಶದಲ್ಲಿಯೇ ಇರುವುದು ಒಳ್ಳೆಯದು. ಹುಮನಾಬಾದಿನಿಂದ ಅಮೆರಿಕಾಕ್ಕೆ ಸುದ್ದಿ ಹೋಗಿ ಬರಲಿಕ್ಕೆ ಕಾಲು ಸೆಕೆಂಡಿನ ಆಸುಪಾಸು ಹಿಡಿಯುತ್ತದೆ. ಒಂದು ಪುಟಕ್ಕೆ ಹತ್ತಾರು ಸಲ ಹೋಗಿ ಬರುವುದಿದ್ದರೆ ಮುಂಬೈ ಹತ್ತಿರವಲ್ಲವೇ?

ಆಯಿತು, ಹಗುರ ಆಗಿದೆ ಅಂತ ತಿಳಿಯುವುದು ಹೆಂಗ? ಗೂಗಲ್ ಕಂಪನಿಯವರು ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಪುಕ್ಕಟೆ ಸಾಧನ ಇಟ್ಟಿದ್ದಾರೆ. ವೆಬ್‌ಸೈಟಿನ ವಿಳಾಸ ಕೊಟ್ಟರೆ ಎಲ್ಲಿ ಭಾರ ಅದ ಅಂತ ಪಟ್ಟಿ ಕೊಡುತ್ತದೆ. ಅವರ ಅಳತೆ ಪ್ರಕಾರ ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದರೆ ಸೆಕೆಂಡಿನ ಐದರಲ್ಲಿ ಒಂದು ಪಾಲಿನೊಳಗೆ ಉತ್ತರ ಬರಬೇಕು. ಇದನ್ನು ಬಿಟ್ಟು, ಕಚೇರಿಯ ವೇಗದ ಲೈನಿನಲ್ಲಿ ಹೊಸ ಕಂಪ್ಯೂಟರ್ ಮೇಲೆ ತೆರೆದು ತೋರಿಸಿ, ನೋಡ್ರಿ ಹೆಂಗ ಓಡ್ತದ ಅಂದರೆ ನಾವು ಒಪ್ಪಬಾರದು. ಎತ್ತನ್ನು ಕೊಟ್ಟಿಗೆಯಲ್ಲಿ ನೋಡಿ ಕೊಳ್ಳುವವರು ಯಾರು? ನೊಗ ಹಾಕಿ ನಡೆಸಿ ನೋಡುತ್ತೇವೆ.

ನಮ್ಮ ಕಣ್ಣ ಮುಂದಿನ ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಸಂಘ ಶುರುವಾದ ಕಾಲದ ಆಸುಪಾಸಿನಲ್ಲಿಯೇ ಕರ್ನಾಟಕದಲ್ಲಿ ಭೂಮಿ ಯೋಜನೆ ಬಂತು. ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದವು. ಪಹಣಿಯಲ್ಲಿ ಏನದ? ಸರ್ವೆ ನಂಬರು, ಹೆಸರು, ಎಕರೆ ಗುಂಟೆ, ಬೆಳೆ. ಬರೀ ಅಕ್ಷರ, ಬರೀ ಅಂಕಿ. ಚಂದದ ಚಿತ್ರ ಒಂದೂ ಇಲ್ಲ. ಆದರೂ ಅದಕ್ಕಾಗಿ ರೈತರು ಸಾಲುಗಟ್ಟಿದರು. ಯಾಕಂದರೆ ಅದರಲ್ಲಿ ತಮಗೆ ಬೇಕಾದದ್ದು ಇತ್ತು. ನಮ್ಮ ಪುಟದಲ್ಲಿಯೂ ಮೊದಲ ಪರದೆಯಲ್ಲೇ ಇವು ಕಾಣಲಿ: ಇಂದಿನ ಧಾರಣಿ, ಗೋದಾಮಿನಲ್ಲಿ ಉಳಿದ ಬೀಜ ಗೊಬ್ಬರ, ವಿಮೆ ಮತ್ತು ಸಾಲದ ಕೊನೆಯ ದಿನ, ಫೋನ್ ನಂಬರು. ಅಧ್ಯಕ್ಷರ, ನಿರ್ದೇಶಕರ ಭಾವಚಿತ್ರ ಕೆಳಗೆ ಬರಲಿ. ನನ್ನದಂತೂ ಎಲ್ಲಕ್ಕಿಂತ ಕೊನೆಗೆ ಹಾಕ್ರಿ.

ಎರಡು ಎಚ್ಚರಿಕೆ ಹೇಳಲೇಬೇಕು. ವೆಬ್‌ಸೈಟಿನ ಹೆಸರಿಗೆ ಡೊಮೇನ್ ಅಂತಾರೆ. ಅದನ್ನು ಮಾಡಿಕೊಡುವವರ ಸ್ವಂತ ಹೆಸರಿನಲ್ಲಿ ಅಲ್ಲ, ಸಂಘದ ಹೆಸರಿನಲ್ಲಿ ಕೊಳ್ಳಬೇಕು. ಪಾಸ್‌ವರ್ಡ್ ಸಂಘದ ಕೈಯಲ್ಲಿರಬೇಕು, ನವೀಕರಣದ ತಾರೀಖು ನಡಾವಳಿ ಪುಸ್ತಕದಲ್ಲಿ ಬರೆದಿರಬೇಕು. ಹೊಲ ನಮ್ಮದು, ಪಹಣಿ ಮತ್ತೊಬ್ಬರದು ಎಂಬಂತೆ ಆಗಬಾರದು. ಇನ್ನೊಂದು, ಸದಸ್ಯರ ಆಧಾರ್ ನಂಬರು, ಖಾತೆ ನಂಬರು, ಯಾರು ಎಷ್ಟು ಸಾಲ ಉಳಿಸಿಕೊಂಡಿದ್ದಾರೆ ಎಂಬ ಪಟ್ಟಿ, ಇವು ಯಾವುವೂ ಊರಿಗೆಲ್ಲ ಕಾಣುವ ಪುಟದಲ್ಲಿ ಬರಬಾರದು. ಮನೆಯ ಮರ್ಯಾದೆಯನ್ನು ಬೀದಿಗೆ ಹರವುವುದು ಸಹಕಾರ ಅಲ್ಲ.

ಫೋನು ಇಲ್ಲದವರು, ಓದಲು ಬಾರದವರು ನಮ್ಮಲ್ಲಿ ಇದ್ದಾರೆ. ಅವರ ಸಲುವಾಗಿ ಸಂಘದ ಬಾಗಿಲ ಹಲಗೆಯೂ ಇರಲಿ, ಊರಾಗಿನ ಡಂಗುರವೂ ನಿಲ್ಲದಿರಲಿ. ವೆಬ್‌ಸೈಟು ಬಂತೆಂದು ಯಾರನ್ನೂ ಹಿಂದೆ ಬಿಡಬಾರದು.

ಕೊನೆಯದಾಗಿ ಮಹಾಸಭೆಯ ಮುಂದೆ ಒಂದು ಬಿನ್ನಹ. ಕರಾರು ಪತ್ರದಲ್ಲಿ ಒಂದು ಷರತ್ತು ಸೇರಿಸೋಣ. ಕೊನೆಯ ಕಂತಿನ ಹಣ ಕೊಡುವ ಮೊದಲು ಮೂವರು ಸದಸ್ಯರು, ಅದರಲ್ಲಿ ಒಬ್ಬ ತಾಯಿ ಇರಲಿ, ತಮ್ಮ ತಮ್ಮ ಹೊಲದಲ್ಲಿ ನಿಂತು ತಮ್ಮದೇ ಹಳೆಯ ಫೋನಿನಲ್ಲಿ ಪುಟ ತೆರೆಯಬೇಕು. ಐದು ಎಣಿಸುವುದರೊಳಗೆ ಧಾರಣಿ ಓದಲು ಬಂದರೆ ಹಣ ಕೊಡೋಣ. ಬಾರದಿದ್ದರೆ ಇನ್ನಷ್ಟು ಹಗುರ ಮಾಡಿಕೊಂಡು ಬರ್ರಿ ಅಂತ ಹೇಳೋಣ. ರೊಕ್ಕ ಸದಸ್ಯರದು, ಪರೀಕ್ಷೆಯೂ ಸದಸ್ಯರದೇ ಆಗಲಿ.

ಈ ಠರಾವಿಗೆ ಕೈ ಎತ್ತಿ ಒಪ್ಪಿಗೆ ಕೊಡಬೇಕೆಂದು ವಿನಂತಿಸಿ, ನನ್ನ ಎರಡು ಮಾತು ಮುಗಿಸುತ್ತೇನೆ.

ಜೈ ಸಹಕಾರ, ಜೈ ಕರ್ನಾಟಕ.