‘ಜಾಕ್ ಆಫ್ ಆಲ್ ಟ್ರೇಡ್ಸ್’: ಹೊಗಳಿಕೆಯೋ ತೆಗಳಿಕೆಯೋ?

ಇಂಗ್ಲಿಷಿನಲ್ಲಿ ಬರೆಯುವ ಅರ್ಜಿಗಳಲ್ಲಿಯೂ ಶಿಫಾರಸು ಪತ್ರಗಳಲ್ಲಿಯೂ ನಮ್ಮವರಲ್ಲಿ ಕೆಲವರು ಬಹು ಪ್ರೀತಿಯಿಂದ ಸೇರಿಸುವ ಮಾತೊಂದುಂಟು: ‘ಜಾಕ್ ಆಫ್ ಆಲ್ ಟ್ರೇಡ್ಸ್’. ಸಕಲಕಲಾವಲ್ಲಭನೆಂದು ಹೊಗಳಿದೆವೆಂಬುದು ಬರೆದವರ ಭಾವನೆ. ಓದುವ ಅಧಿಕಾರಿಗೆ ತೋರುವ ಅರ್ಥವೇ ಬೇರೆ. ಕೆಲಸ ಬೇಡಲು ಹೋದ ಹುಡುಗ ‘ನನಗೆ ಯಾವುದೂ ಪೂರ್ತಿ ಬಾರದು’ ಎಂದು ಕೈಯಾರೆ ಬರೆದುಕೊಟ್ಟಂತಾಗುತ್ತದೆ.

ಜಾಕ್ ಎಂಬುದು ಜಾನ್ ಎಂಬ ಹೆಸರಿನ ಸಲಿಗೆಯ ರೂಪ. ನಮ್ಮಲ್ಲಿ ‘ಯಾವನೋ ಬೋರ, ಯಾವನೋ ತಿಮ್ಮ’ ಎನ್ನುವಂತೆ ಅಲ್ಲಿ ಸಾಮಾನ್ಯ ಆಳಿಗೆ ಈ ಹೆಸರು. ಇಸ್ಪೀಟಿನ ಜಾಕನ್ನು ನಾವು ಗುಲಾಮ ಎನ್ನುತ್ತೇವಲ್ಲ, ಆ ಮರ್ಯಾದೆಯೇ ಇಲ್ಲಿಯೂ! ಟ್ರೇಡ್ ಎಂದರೆ ಇಲ್ಲಿ ವ್ಯಾಪಾರವಲ್ಲ. ಬಡಗಿತನ, ಕಮ್ಮಾರಿಕೆ, ಗಾರೆಕೆಲಸಗಳಂಥ ಕಸಬು.

1592ರಲ್ಲಿ ರಾಬರ್ಟ್ ಗ್ರೀನನ ಹೆಸರಿನಲ್ಲಿ ಪ್ರಕಟವಾದ ಪುಸ್ತಿಕೆಯೊಂದು ನಟನೊಬ್ಬನನ್ನು ‘ಯೊಹಾನೆಸ್ ಫ್ಯಾಕ್ಟೋಟಮ್’, ಅಂದರೆ ‘ಎಲ್ಲವನ್ನೂ ಮಾಡುವ ಜಾನ್’, ಎಂದು ಹಂಗಿಸಿತು. ಆ ನಟ ಷೇಕ್ಸ್‌ಪಿಯರನೇ ಎಂಬುದು ಬಹುಮಂದಿ ವಿದ್ವಾಂಸರ ಮತ. ಕುಣಿಯುವವನು ಬರೆಯಲೂ ಹೊರಟನಲ್ಲ ಎಂಬ ಅಸಹನೆ! ಈಗಿನ ಇಂಗ್ಲಿಷ್ ರೂಪ 1618ರ ಹೊತ್ತಿಗೆ ಅಚ್ಚಿನಲ್ಲಿ ಕಾಣುತ್ತದೆ. ‘ಮಾಸ್ಟರ್ ಆಫ್ ನನ್’, ಯಾವುದರಲ್ಲಿಯೂ ನಿಪುಣನಲ್ಲ, ಎಂಬ ಬಾಲ ಅಂಟಿಕೊಂಡದ್ದು ಅನಂತರ. ಬಾಲವನ್ನು ಬಾಯಿಬಿಟ್ಟು ಹೇಳದಿದ್ದರೂ ಕೇಳಿದವರ ಮನಸ್ಸಿಗೆ ಅದು ತಾನಾಗಿ ಬರುತ್ತದೆ. ‘ಒಂದನ್ನೇ ಬಲ್ಲವನಿಗಿಂತ ಇವನೇ ಮೇಲು’ ಎಂಬ ಇನ್ನೊಂದು ಬಾಲವೂ ಮೂಲದಲ್ಲಿತ್ತೆಂದು ಇತ್ತೀಚೆಗೆ ಕೆಲವರು ಸಾರುತ್ತಿದ್ದಾರೆ. ಅದಕ್ಕೆ ಹಳೆಯ ಗ್ರಂಥಗಳ ಆಧಾರವಿಲ್ಲ.

ಹಾಗಾದರೆ ಬಳಸಲೇಬಾರದೆ? ನಲ್ಲಿ ಸೋರಿದರೂ ಬಾಗಿಲ ತಿರುಗಣಿ ಕಿತ್ತರೂ ಫ್ಯೂಸ್ ಹೋದರೂ ಒದಗಿಬರುವ ನೆರೆಮನೆಯವನನ್ನು ಸಲಿಗೆಯಿಂದ ಹಾಗೆನ್ನಬಹುದು. ಆಗಲೂ ಮೊದಲಿಗೆ ‘ಎ’ ಇರಲಿ, ‘ಟ್ರೇಡ್ಸ್’ ಬಹುವಚನದಲ್ಲಿರಲಿ. ಆಳುಗಳು ಹಲವರಾದರೆ ‘ಜಾಕ್ಸ್’ ಆಗಬೇಕು. ಆದರೆ ಕಾದಂಬರಿ, ಯಕ್ಷಗಾನ, ವಿಜ್ಞಾನ ಸಾಹಿತ್ಯ ಮೂರರಲ್ಲಿಯೂ ಗಟ್ಟಿ ಕೆಲಸ ಮಾಡಿದ ಶಿವರಾಮ ಕಾರಂತರನ್ನು ಹೀಗೆ ಕರೆದರೆ ಅಪಚಾರ. ಅಂಥವರಿಗೆ ‘ವರ್ಸಟೈಲ್’ ಎಂಬ ಶಬ್ದವುಂಟು. ನಮ್ಮಲ್ಲಿ ಸವ್ಯಸಾಚಿ ಎನ್ನುತ್ತೇವೆ. ಎಡಗೈಯಿಂದಲೂ ಬಾಣ ಬಿಡಬಲ್ಲ ಅರ್ಜುನನ ಹೆಸರು ಅದು. ತೆಗಳಿಕೆಗೆ ಅಳಲೆಕಾಯಿ ಪಂಡಿತ ಇದ್ದಾನೆ. ಅವನದು ಒಂದೇ ಅರೆವಿದ್ಯೆ, ಜಾಕನದು ಹಲವು ಎಂಬಷ್ಟೇ ಭೇದ.

ಅರ್ಜಿ ಬರೆಯುವ ಹುಡುಗರು ಜಾಕನ ಗೋಜಿಗೆ ಹೋಗದೆ, ಕಂಪ್ಯೂಟರಿನಲ್ಲಿ ಕನ್ನಡ ಬೆರಳಚ್ಚು ಬರುತ್ತದೆ, ಲೆಕ್ಕಪುಸ್ತಕ ಇಡಬಲ್ಲೆ, ಎಂದು ಬಲ್ಲದ್ದನ್ನು ಹೆಸರು ಹಿಡಿದೇ ಬರೆಯಲಿ.